ಪುಕ್ಕಟೆ ಕೊಟ್ಟರೂ ಬೇಡವಾದ ಚಿಪ್

ಕೋಲಾರದ ಒಂದು ಪದವಿ ಕಾಲೇಜಿನಲ್ಲಿ ಬಿಕಾಂ, ಬಿಸಿಎ ಮಕ್ಕಳ ಮುಂದೆ ಆಡಿದ ಮಾತುಗಳಿವು. ಊರಿನವರೂ ಕೆಲವರು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬರೆಯುವಾಗ ತೊದಲು, ಕೆಮ್ಮು ತೆಗೆದಿದ್ದೇನೆ. ಬೋರ್ಡಿನ ಮೇಲೆ ಹಾಕಿದ ಲೆಕ್ಕವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಪ್ರಿನ್ಸಿಪಾಲರು ನನ್ನನ್ನು ತಂತ್ರಜ್ಞಾನ ತಜ್ಞ ಅಂತ ಪರಿಚಯ ಮಾಡಿಕೊಟ್ಟರು. ನಾನು ತಜ್ಞ ಏನಲ್ಲ. ಹದಿನಾಲ್ಕು ವರ್ಷ ಇದೇ ಊರಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದವನು. ಬೆಳಿಗ್ಗೆ ಎಂಟರ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಎಸ್.ಪಿ. ರೋಡಿನಲ್ಲಿ ಮದರ್‌ಬೋರ್ಡು, ರ‍್ಯಾಮು, ಕ್ಯಾಬಿನೆಟ್ಟು ಎಲ್ಲ ಕಟ್ಟಿಸಿಕೊಂಡು, ಮಾನಿಟರನ್ನು ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಸಂಜೆ ವಾಪಸ್ ಬರುತ್ತಿದ್ದೆ. ಈಗ ಅಂಗಡಿಯನ್ನು ನನ್ನ ತಮ್ಮನ ಮಗ ನೋಡಿಕೊಳ್ಳುತ್ತಾನೆ. ಕಂಪ್ಯೂಟರ್ ಮಾರುವುದು ಕಡಿಮೆ, ಸಿಸಿಟಿವಿ ಹಾಕುವುದೇ ಜಾಸ್ತಿ.

ಇವತ್ತಿನ ವಿಷಯ ಚಿಪ್ ಕಂಪನಿಗಳ ಪೈಪೋಟಿ, ಅದರಲ್ಲಿ ನಡೆಯುವ ಮೋಸ, ಅದನ್ನು ತಡೆಯುವ ಕಾನೂನು. ಆಂಟಿಟ್ರಸ್ಟ್ ಅಂತ ಕರೆಯುತ್ತಾರೆ. ಈ ಮಾತಿಗೂ ನಂಬಿಕೆ, ದ್ರೋಹ ಇವಕ್ಕೂ ಸಂಬಂಧ ಇಲ್ಲ. ನೂರಮೂವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಎಣ್ಣೆ, ಸಕ್ಕರೆ ಕಂಪನಿಗಳು ಒಳಗೊಳಗೇ ಒಂದಾಗಲು 'ಟ್ರಸ್ಟ್' ಅಂತ ಮಾಡಿಕೊಳ್ಳುತ್ತಿದ್ದವು. ಅದನ್ನು ಮುರಿಯಲು 1890ರಲ್ಲಿ ಶೆರ್ಮನ್ ಕಾಯ್ದೆ ಬಂತು. ಹೆಸರು ಹಾಗೇ ಉಳಿಯಿತು.

ದೊಡ್ಡ ಕಂಪನಿಗಳ ಕಥೆಗೆ ಹೋಗುವ ಮೊದಲು ನನ್ನದೇ ಒಂದು ಸಣ್ಣ ಕಥೆ ಹೇಳುತ್ತೇನೆ.

2004ರ ಸುಮಾರು. ಆಗ ಕೋಲಾರದಲ್ಲಿ ಕರೆಂಟು ಹೋಗುವುದು ಬರುವುದು ಕೇಳಬೇಡಿ. ಕಂಪ್ಯೂಟರ್ ಕೊಂಡವರೆಲ್ಲ ಜೊತೆಗೊಂದು ಯುಪಿಎಸ್ ಕೊಳ್ಳಲೇಬೇಕು. ಬೆಂಗಳೂರಿನ ಒಬ್ಬ ಡಿಸ್ಟ್ರಿಬ್ಯೂಟರ್ ಒಂದು ಸ್ಕೀಮು ತಂದರು. ಮೂರು ತಿಂಗಳಲ್ಲಿ 40 ಪೀಸು ಎತ್ತಿದರೆ ಪೀಸಿಗೆ 150 ರೂಪಾಯಿಯಂತೆ ಕ್ರೆಡಿಟ್ ನೋಟು, ಮುಂದಿನ ಬಿಲ್ಲಿನಲ್ಲಿ ಕಳೆಯುವ ಚೀಟಿ. ಅಂದರೆ 6,000 ರೂಪಾಯಿ. ನನ್ನ ಅಂಗಡಿ ಬಾಡಿಗೆ ಆಗ ತಿಂಗಳಿಗೆ 1,800. ಬಿಲ್ಲಿನಲ್ಲಿ ಬರೆಯದೆ ಬಾಯಲ್ಲೇ ಹೇಳಿದ ಒಂದು ಷರತ್ತೂ ಇತ್ತು. ಬೇರೆ ಕಂಪನಿ ಮಾಲು ಅಂಗಡಿಯಲ್ಲಿ ಕಾಣಬಾರದು.

ನಾನು 43 ಎತ್ತಿದೆ. ಆದರೆ ಒಂದು ಶಾಲೆಯವರು ನಮಗೆ ಇಂಥದ್ದೇ ಬ್ರಾಂಡು ಬೇಕು ಅಂತ ಪಟ್ಟು ಹಿಡಿದರು. ಹಳೇ ಗಿರಾಕಿ, ಇಲ್ಲ ಅನ್ನಲಾಗಲಿಲ್ಲ. ಆರು ಪೀಸು ಬೇರೆ ಕಡೆಯಿಂದ ತರಿಸಿಕೊಟ್ಟೆ. ಡಿಸ್ಟ್ರಿಬ್ಯೂಟರ್ ಕಡೆಯ ಸೇಲ್ಸ್ ಹುಡುಗ ಅಂಗಡಿಗೆ ಬಂದ. ಟೀ ತರಿಸಿದೆ, ಕುಡಿದ. ಮೂಲೆಯಲ್ಲಿ ಬಿದ್ದಿದ್ದ ಖಾಲಿ ಡಬ್ಬಗಳನ್ನು ನೋಡಿದ. ಏನೂ ಮಾತಾಡದೆ ಎದ್ದು ಹೋದ. ಕ್ರೆಡಿಟ್ ನೋಟು ಬರಲೇ ಇಲ್ಲ. ಫೋನ್ ಮಾಡಿದಾಗೆಲ್ಲ 'ಸಿಸ್ಟಂನಲ್ಲಿ ಅಪ್‌ಡೇಟ್ ಆಗ್ತಾ ಇಲ್ಲ ಸಾರ್' ಅನ್ನುತ್ತಿದ್ದರು.

ಯಾರೂ ನನಗೆ ಬೆಲೆ ಏರಿಸಲಿಲ್ಲ. ಗದರಿಸಲಿಲ್ಲ. ಕೊಡುತ್ತೇನೆ ಅಂದ ರಿಯಾಯಿತಿ ಕೊಡಲಿಲ್ಲ, ಅಷ್ಟೇ. ಮುಂದಿನ ಮೂರು ತಿಂಗಳು ನಾನು ಬೇರೆ ಬ್ರಾಂಡಿನ ಸುದ್ದಿಗೇ ಹೋಗಲಿಲ್ಲ. ಏಕಸ್ವಾಮ್ಯ ಅಂದರೆ ಬೆಲೆ ಏರಿಸಿ ಸುಲಿಯುವುದು ಅಂತ ಎಲ್ಲರೂ ತಿಳಿದಿರುತ್ತಾರೆ. ಸುಲಿಗೆ ಆಮೇಲಿನ ಮಾತು. ಕಟ್ಟಿಹಾಕುವ ಹಗ್ಗ ಬಹಳ ಸಲ ಡಿಸ್ಕೌಂಟಿನ ರೂಪದಲ್ಲೇ ಬರುತ್ತದೆ.

ಈಗ ಕಂಪ್ಯೂಟರಿನ ಮುಖ್ಯ ಚಿಪ್ ಮಾಡುವ ಇಂಟೆಲ್, ಎಎಂಡಿ ವಿಚಾರಕ್ಕೆ ಬರೋಣ. ಇಂಟೆಲ್ ಹುಟ್ಟಿದ್ದು 1968ರಲ್ಲಿ, ಎಎಂಡಿ 1969ರಲ್ಲಿ. ಎರಡನ್ನೂ ಕಟ್ಟಿದವರು ಒಂದೇ ಕಂಪನಿಯಿಂದ, ಫೇರ್‌ಚೈಲ್ಡ್‌ನಿಂದ, ಎದ್ದು ಬಂದವರು. ಒಂದೇ ಮನೆಯಿಂದ ಭಾಗ ತಗೊಂಡು ಹೋದ ದಾಯಾದಿಗಳು ಅಂತ ಇಟ್ಟುಕೊಳ್ಳಿ. 1981ರಲ್ಲಿ ಐಬಿಎಂ ತನ್ನ ಪಿಸಿಗೆ ಇಂಟೆಲ್‌ನ 8088 ಚಿಪ್ ಆರಿಸಿಕೊಂಡಿತು. ಒಬ್ಬರನ್ನೇ ನಂಬಿ ಕೂತರೆ ನಾಳೆ ಮಾಲು ನಿಂತರೆ ಏನು ಗತಿ ಅಂತ ಐಬಿಎಂಗೆ ಚಿಂತೆ. ಇನ್ನೊಬ್ಬ ಸಪ್ಲೈಯರ್ ಇರಲೇಬೇಕು ಅಂದಿತು. ಹಾಗಾಗಿ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಒಪ್ಪಂದ ಮಾಡಿಕೊಂಡವು. ಇಂಟೆಲ್ ವಿನ್ಯಾಸದ ಚಿಪ್ಪನ್ನು ಎಎಂಡಿಯೂ ಮಾಡಿ ಮಾರಬಹುದು.

ಪಿಸಿ ವ್ಯಾಪಾರ ಹೂ ಬಿಟ್ಟು ಕಾಯಿ ಕಚ್ಚಿತು. ಆಗ ಇಂಟೆಲ್‌ಗೆ ಪಾಲುದಾರ ಯಾಕೆ ಬೇಕು? 1985ರಲ್ಲಿ 386 ಅನ್ನುವ ಹೊಸ ಚಿಪ್ ಬಂದಾಗ ಅದರ ವಿನ್ಯಾಸ ಕೊಡಲಿಲ್ಲ. ಎಎಂಡಿ ಪಂಚಾಯ್ತಿಗೆ ಹೋಯಿತು, ಕೋರ್ಟಿಗೆ ಹೋಯಿತು. ಕಾಯುತ್ತಾ ಕೂರದೆ ತಾನೇ ಒಂದು 386 ಮಾಡಿ 1991ರಲ್ಲಿ ಬಿಟ್ಟಿತು. ಜಗಳ ಪೂರಾ ಬಗೆಹರಿದದ್ದು 1995ರಲ್ಲಿ.

ಇದರ ನಡುವೆ ಒಂದು ತಮಾಷೆ ಆಯಿತು. 386 ಅನ್ನುವುದು ನಮ್ಮ ಟ್ರೇಡ್‌ಮಾರ್ಕು, ಬೇರೆಯವರು ಬಳಸಬಾರದು ಅಂತ ಇಂಟೆಲ್ ಕೋರ್ಟಿಗೆ ಹೋಗಿತ್ತು. ಅಂಕಿಗೆಲ್ಲ ಹಕ್ಕು ಕೊಡಲಾಗದು ಅಂತ ಕೋರ್ಟು ಕಳಿಸಿತು. ಅದಕ್ಕೇ 486 ಆದ ಮೇಲೆ 1993ರಲ್ಲಿ ಬಂದ ಚಿಪ್ಪಿಗೆ 586 ಅನ್ನದೆ ಪೆಂಟಿಯಂ ಅಂತ ಹೆಸರಿಟ್ಟರು. ಆ ಹೆಸರು ಎಷ್ಟು ಹಬ್ಬಿತು ಅಂದರೆ ನನ್ನ ಅಂಗಡಿಗೆ ಬಂದವರು ಕಂಪ್ಯೂಟರ್ ಎಷ್ಟು ಅಂತ ಕೇಳುತ್ತಿರಲಿಲ್ಲ. 'ಪೆಂಟಿಯಂ ಎಷ್ಟಾಗ್ತದೆ ಸಾರ್?' ಅನ್ನುತ್ತಿದ್ದರು. ಮುಳಬಾಗಿಲು ಕಡೆಯ ಒಬ್ಬರು ಮಗನಿಗೆ ಎಎಂಡಿ ಹಾಕಿಸಿಕೊಂಡು ಹೋಗಿ, ನೆಂಟರು ಏನೋ ಹೇಳಿದರು ಅಂತ ಮಾರನೇ ದಿನವೇ ಹೊತ್ತುಕೊಂಡು ಬಂದರು. 'ಇದು ಡೂಪ್ಲಿಕೇಟ್ ಅಂತಲ್ಲ?'

ಆ ಮನುಷ್ಯನ ಮಾತಿನಲ್ಲೇ ಇಡೀ ವ್ಯಾಪಾರದ ಗುಟ್ಟು ಇದೆ, ಗಮನಿಸಿ. ಅವರಿಗೆ ಇಂಟೆಲ್ ಬಿಟ್ಟರೆ ಬೇರೆ ಬೇಡ. ಅಂಥ ಗಿರಾಕಿಗಳು ಜಾಸ್ತಿ ಇರುವಾಗ ಕಂಪ್ಯೂಟರ್ ಮಾಡುವ ಯಾವ ಕಂಪನಿಯೂ ಇಂಟೆಲ್ ಇಲ್ಲದೆ ಅಂಗಡಿ ನಡೆಸಲಾಗದು. ಬಹುಪಾಲು ಚಿಪ್ಪುಗಳನ್ನು ಇಂಟೆಲ್‌ನಿಂದ ಹೇಗೂ ಕೊಳ್ಳಲೇಬೇಕು. ಪೈಪೋಟಿ ಇರುವುದು ಉಳಿದ ಸ್ವಲ್ಪಕ್ಕೆ ಮಾತ್ರ. ಈ ಒಂದು ಅಂಶ ಇಟ್ಟುಕೊಂಡು ಲೆಕ್ಕ ಮಾಡೋಣ. ಚಾಕ್‌ಪೀಸ್ ಕೊಡಿ.

ಇದು ಸುಮ್ನೆ ನಾನು ಹಾಕುತ್ತಿರುವ ಲೆಕ್ಕ, ಯಾವ ಕಂಪನಿಯ ಬಿಲ್ಲೂ ಅಲ್ಲ. ನಿಮಗೆ 100 ಚಿಪ್ ಬೇಕು. ದೊಡ್ಡವನ ಚಿಪ್ಪಿನ ಬೆಲೆ 100 ರೂಪಾಯಿ. ಅವನು ಹೇಳುತ್ತಾನೆ: ನೂರಕ್ಕೆ 95 ನನ್ನ ಹತ್ತಿರವೇ ಕೊಂಡರೆ ಕೊಂಡ ಪ್ರತಿಯೊಂದಕ್ಕೂ 10 ರೂಪಾಯಿ ವಾಪಸ್. ನೂರೂ ಅವನಲ್ಲೇ ಕೊಂಡರೆ ನಿಮ್ಮ ಖರ್ಚು 9,000.

ಈಗ ಸಣ್ಣವನು ಬಂದ. ಅವನ ಚಿಪ್ ಚೆನ್ನಾಗಿದೆ. 10 ಚಿಪ್ ಅವನಲ್ಲಿ ತಗೊಂಡು ನೋಡೋಣ ಅಂತ ನಿಮಗೆ ಆಸೆ. ಹಾಗಾದರೆ ದೊಡ್ಡವನಲ್ಲಿ ಕೊಳ್ಳುವುದು 90 ಮಾತ್ರ. 95ಕ್ಕಿಂತ ಕಡಿಮೆ ಆಯಿತು, ರಿಯಾಯಿತಿ ಪೂರ್ತಿ ಹೋಯಿತು. ಆ 90ಕ್ಕೆ ನೂರರಂತೆ 9,000 ಕಟ್ಟಬೇಕು.

ಸಣ್ಣವನ ಹತ್ತು ಚಿಪ್ಪಿಗೆ ನೀವು ಎಷ್ಟು ಕೊಡಬಹುದು? ಹೇಳಿ ನೋಡೋಣ.

(ಹಿಂದಿನಿಂದ ಒಬ್ಬ ಹುಡುಗ 'ಸೊನ್ನೆ' ಅಂದ.)

ಸೊನ್ನೆ! ಪುಕ್ಕಟೆ ಕೊಟ್ಟರೆ ಮಾತ್ರ ಎರಡೂ ಕಡೆ ಲೆಕ್ಕ ಸಮ. ಒಂದು ರೂಪಾಯಿ ಕೇಳಿದರೂ ನಿಮಗೆ ನಷ್ಟ. ಹತ್ತು ಜಾಸ್ತಿ ಆಯಿತು, ಬರೀ ಆರು ಚಿಪ್ ತಗೊಳ್ಳೋಣ ಅಂತೀರಾ? ಆಗ ದೊಡ್ಡವನಲ್ಲಿ 94. ಖರ್ಚು 9,400. ಆರು ಚಿಪ್ಪನ್ನು ಸಣ್ಣವನು ಬಿಟ್ಟಿಯಾಗಿ ಮನೆಗೆ ತಂದುಕೊಟ್ಟರೂ ನಿಮಗೆ 400 ರೂಪಾಯಿ ಲುಕ್ಸಾನು.

ಇದು ಬೋರ್ಡಿನ ಮೇಲಿನ ಲೆಕ್ಕ ಅಂದೆ. ನಿಜವಾಗಿ ಏನಾಯಿತು ಕೇಳಿ. 2009ರ ಮೇ 13ರಂದು ಯುರೋಪ್ ಒಕ್ಕೂಟದಲ್ಲಿ ಪೈಪೋಟಿ ಕಾನೂನು ನೋಡಿಕೊಳ್ಳುವ ಯುರೋಪಿನ ಆಯೋಗ ಇಂಟೆಲ್ ಮೇಲೆ 106 ಕೋಟಿ ಯೂರೋ ದಂಡ ಹಾಕಿತು. ಅವತ್ತು ಅವರು ಬಿಡುಗಡೆ ಮಾಡಿದ ವಿವರದಲ್ಲಿ ಒಂದು ಘಟನೆ ಇತ್ತು. ಎಎಂಡಿ ಒಂದು ಕಂಪ್ಯೂಟರ್ ಕಂಪನಿಗೆ ಹತ್ತು ಲಕ್ಷ ಚಿಪ್ಪುಗಳನ್ನು ಪುಕ್ಕಟೆ ಕೊಡುತ್ತೇನೆ ಅಂದಿತ್ತು. ಆ ಕಂಪನಿ ತಗೊಂಡದ್ದು 1,60,000 ಮಾತ್ರ. ಪೂರ್ತಿ ತಗೊಂಡಿದ್ದರೆ ಉಳಿದ ಲಕ್ಷಾಂತರ ಚಿಪ್ಪುಗಳ ಮೇಲಿನ ಇಂಟೆಲ್ ರಿಯಾಯಿತಿ ಕೈತಪ್ಪಿ, ಒಟ್ಟಾರೆ ನಷ್ಟವೇ ಆಗುತ್ತಿತ್ತು ಅನ್ನುವುದು ಆಯೋಗದ ವಿವರಣೆ. ನಾನು ಇದನ್ನು ಮೊದಲ ಸಲ ಓದಿದಾಗ ನನ್ನ ಆರು ಯುಪಿಎಸ್ ಡಬ್ಬ ನೆನಪಾಗಿ ಒಬ್ಬನೇ ನಕ್ಕೆ.

ಆಯೋಗ ಹೇಳಿದ ಷರತ್ತುಗಳೂ ನನ್ನ ಬೋರ್ಡಿನ ಲೆಕ್ಕದ ಹಾಗೇ ಇದ್ದವು. ಎಚ್‌ಪಿಗೆ ಕಚೇರಿ ಬಳಕೆಯ ಡೆಸ್ಕ್‌ಟಾಪ್‌ಗಳಲ್ಲಿ ನೂರಕ್ಕೆ 95, ಎನ್‌ಇಸಿಗೆ 80, ಲೆನೊವೊಗೆ ನೋಟ್‌ಬುಕ್‌ಗಳಲ್ಲಿ ಪೂರ್ತಿ. ಯುರೋಪಿನ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿ ಸರಪಳಿ ಮೀಡಿಯಾ ಮಾರ್ಕ್ಟ್‌ಗೂ ಇಂಟೆಲ್ ಇರುವ ಕಂಪ್ಯೂಟರನ್ನಷ್ಟೇ ಮಾರಲು ದುಡ್ಡು ಹೋಗಿತ್ತು ಅಂತ ಆಯೋಗ ಹೇಳಿತು. ಇದಕ್ಕಿಂತ ನೇರವಾದ ಆರೋಪ ಇನ್ನೊಂದಿತ್ತು. ಎಎಂಡಿ ಚಿಪ್ ಇರುವ ಕೆಲವು ಕಂಪ್ಯೂಟರ್‌ಗಳನ್ನು ಮಾರುಕಟ್ಟೆಗೆ ತಡವಾಗಿ ತನ್ನಿ, ಇಂಥವರಿಗೆ ಮಾತ್ರ ಮಾರಿ ಅಂತ ಎಚ್‌ಪಿ, ಏಸರ್, ಲೆನೊವೊಗೆ ದುಡ್ಡು ಕೊಟ್ಟದ್ದು.

ಎಎಂಡಿ ಮಾಲು ಕಳಪೆ ಇತ್ತು, ಅದಕ್ಕೆ ಹೋಗಲಿಲ್ಲ ಅನ್ನುವ ಹಾಗೂ ಇಲ್ಲ. ಇದೆಲ್ಲ ನಡೆದದ್ದು 2002ರ ಕೊನೆಯಿಂದ 2007ರವರೆಗೆ. 2003ರಲ್ಲಿ ಎಎಂಡಿ ಹೆಚ್ಚು ಮೆಮೊರಿ ಬಳಸಬಲ್ಲ 64 ಬಿಟ್ ಚಿಪ್ ತಂದಿತು, ಹಳೆಯ ತಂತ್ರಾಂಶವೂ ಅದರ ಮೇಲೆ ಓಡುತ್ತಿತ್ತು. ಮಾರನೇ ವರ್ಷ ಇಂಟೆಲ್ಲೇ ಆ ದಾರಿ ಹಿಡಿಯಿತು. ಆ ಸಲ ದಾಯಾದಿ ಮುಂದೆ ಹೋಗಿದ್ದ. ಅಷ್ಟಾದರೂ ಡೆಲ್ 2006ರವರೆಗೂ ಇಂಟೆಲ್ ಬಿಟ್ಟು ಬೇರೆ ಹಾಕಲಿಲ್ಲ.

ಡೆಲ್ ಲೆಕ್ಕವನ್ನು ಬಿಕಾಂ ಮಕ್ಕಳು ಸ್ವಲ್ಪ ನೋಡಿ. 2010ರಲ್ಲಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿ ಹೇಳಿದ ಪ್ರಕಾರ, ಇಂಟೆಲ್ ಕೊಡುತ್ತಿದ್ದ ದುಡ್ಡು 2003ರ ಹಣಕಾಸು ವರ್ಷದಲ್ಲಿ ಡೆಲ್‌ನ ಕಾರ್ಯಾಚರಣೆ ಲಾಭದ ಶೇ. 10 ಇತ್ತು. 2006ರಲ್ಲಿ ಶೇ. 38. 2007ರ ಹಣಕಾಸು ವರ್ಷದ ಮೊದಲ ತ್ರೈಮಾಸಿಕದಲ್ಲಿ ಶೇ. 76. ಅಂದರೆ ನೂರು ರೂಪಾಯಿ ಲಾಭದಲ್ಲಿ 76 ಇಂಟೆಲ್ ಕೊಟ್ಟದ್ದು! ಷೇರುದಾರರಿಗೆ ಇದನ್ನು ಸರಿಯಾಗಿ ಹೇಳಲಿಲ್ಲ ಅನ್ನುವುದು ಎಸ್‌ಇಸಿ ದೂರು. ಡೆಲ್ ತಪ್ಪು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ, 10 ಕೋಟಿ ಡಾಲರ್ ಕಟ್ಟಿ ಮುಗಿಸಿಕೊಂಡಿತು. ಕಂಪ್ಯೂಟರ್ ಮಾರಿ ಬದುಕುತ್ತಿದೆ ಅಂದುಕೊಂಡಿದ್ದ ಕಂಪನಿ ನಿಜಕ್ಕೂ ಕ್ರೆಡಿಟ್ ನೋಟಿನ ಮೇಲೆ ಬದುಕುತ್ತಿತ್ತು.

(ಇಲ್ಲಿ ಮುಂದಿನ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. 'ಸರ್, ಡಿಸ್ಕೌಂಟ್ ಕೊಟ್ಟರೆ ಗ್ರಾಹಕರಿಗೆ ಒಳ್ಳೇದೇ ಅಲ್ವಾ? ಅದು ಹೇಗೆ ಅಪರಾಧ ಆಗತ್ತೆ?')

ಸರಿಯಾದ ಪ್ರಶ್ನೆ ಕಣಮ್ಮ. ಇಂಟೆಲ್ ವಕೀಲರು ಹದಿನೈದು ವರ್ಷ ಇದನ್ನೇ ಕೇಳಿದರು. ಕೊನೆಗೆ ಅರ್ಧ ಗೆದ್ದರು ಕೂಡ.

ಜಾಸ್ತಿ ಕೊಂಡವನಿಗೆ ಕಡಿಮೆ ಬೆಲೆ ಅನ್ನುವುದು ತಪ್ಪಲ್ಲ. ನೀವು ಒಂದು ಮೂಟೆ ಅಕ್ಕಿ ತಗೊಂಡರೆ ಶೆಟ್ಟರು ಕೇಜಿಗೆ ಎರಡು ರೂಪಾಯಿ ಬಿಡುತ್ತಾರೆ. ಸರಿ. ಆದರೆ ಎದುರು ಅಂಗಡಿಯಲ್ಲಿ ನೀನು ಒಂದು ಕೇಜಿ ಬೇಳೆ ಕೊಂಡಿದ್ದು ಗೊತ್ತಾದರೆ ವರ್ಷದ ಅಕ್ಕಿಯ ರಿಯಾಯಿತಿ ಪೂರ್ತಿ ವಾಪಸ್ ಅಂದರೆ? ಊರಿಗೆಲ್ಲ ಅವರದೇ ಅಕ್ಕಿ ಆದರೆ? ಎದುರು ಅಂಗಡಿ ಎರಡು ವರ್ಷದಲ್ಲಿ ಬಾಗಿಲು ಹಾಕುತ್ತದೆ. ಆಮೇಲೆ ಶೆಟ್ಟರು ಯಾರಿಗೆ ಹೆದರಿ ಎರಡು ರೂಪಾಯಿ ಬಿಡಬೇಕು? ಷರತ್ತು ಏನು, ಹಾಕಿದವನ ಕೈಯಲ್ಲಿ ಎಷ್ಟು ಮಾರುಕಟ್ಟೆ ಇದೆ, ಇವೆರಡನ್ನು ನೋಡಬೇಕು.

ಯುರೋಪಿನ ಕೋರ್ಟುಗಳು ಇದರಲ್ಲಿ ಎಷ್ಟು ಸುತ್ತಾಡಿದವು ಗೊತ್ತಾ? 2009ರ ದಂಡವನ್ನು ಕೆಳ ಕೋರ್ಟು 2014ರಲ್ಲಿ ಎತ್ತಿಹಿಡಿಯಿತು. 2017ರಲ್ಲಿ ಮೇಲಿನ ಕೋರ್ಟು ಮತ್ತೆ ನೋಡಿ ಅಂತ ವಾಪಸ್ ಕಳಿಸಿತು. 2022ರಲ್ಲಿ ಕೆಳ ಕೋರ್ಟೇ ರಿಯಾಯಿತಿ ಭಾಗವನ್ನು ಹೊಡೆದುಹಾಕಿತು. ಕಾರಣ ಏನು? ನಾನು ಬೋರ್ಡಿನ ಮೇಲೆ ಹಾಕಿದೆನಲ್ಲ, ಅಂಥದ್ದೇ ಲೆಕ್ಕವನ್ನು ಆಯೋಗ ಸರಿಯಾಗಿ ಮಾಡಿರಲಿಲ್ಲ ಅಂತ. ಇಂಟೆಲ್‌ನಷ್ಟೇ ಕಡಿಮೆ ಖರ್ಚಿನಲ್ಲಿ ಮಾಡಬಲ್ಲ ಎದುರಾಳಿಯೂ ಆ ರಿಯಾಯಿತಿಗೆ ಎದುರು ನಿಲ್ಲಲಾರ ಅನ್ನುವುದು ಸಾಬೀತಾಗಿಲ್ಲ ಅಂದರು. 2024ರ ಅಕ್ಟೋಬರಿನಲ್ಲಿ ಮೇಲಿನ ಕೋರ್ಟು ಅದನ್ನೇ ಖಾಯಂ ಮಾಡಿತು. ತಡ ಮಾಡಿ ಅಂತ ನೇರವಾಗಿ ದುಡ್ಡು ಕೊಟ್ಟ ಭಾಗ ಮಾತ್ರ ಉಳಿಯಿತು. ಅದಕ್ಕೆ ಆಯೋಗ 2023ರಲ್ಲಿ ಬೇರೆಯಾಗಿ 37.6 ಕೋಟಿ ಯೂರೋ ದಂಡ ಹಾಕಿತ್ತು.

ಎಎಂಡಿ ಆಯೋಗಕ್ಕೆ ಮೊದಲ ದೂರು ಕೊಟ್ಟದ್ದು 2000ದಲ್ಲಿ. ಇಪ್ಪತ್ತನಾಲ್ಕು ವರ್ಷ. ಇಲ್ಲಿ ಕೂತಿರುವ ನಿಮ್ಮಲ್ಲಿ ಆಗ ಯಾರೂ ಹುಟ್ಟಿರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ. ಎಎಂಡಿ ಇದನ್ನು ಕಾಯುತ್ತಾ ಕೂರಲಿಲ್ಲ. 2005ರಲ್ಲೇ ಅಮೆರಿಕದಲ್ಲಿ ದಾವೆ ಹೂಡಿ, 2009ರ ನವೆಂಬರಿನಲ್ಲಿ ಇಂಟೆಲ್‌ನಿಂದ 125 ಕೋಟಿ ಡಾಲರ್ ತಗೊಂಡು ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ ಅದು ತನ್ನ ಚಿಪ್ ಕಾರ್ಖಾನೆಗಳನ್ನೇ ಬೇರೆ ಮಾಡಿ ಕೊಟ್ಟಾಗಿತ್ತು. ಎಲ್ಲ ಪಾಪವನ್ನೂ ಇಂಟೆಲ್ ತಲೆಗೆ ಕಟ್ಟಬೇಡಿ. 2006ರಲ್ಲಿ 540 ಕೋಟಿ ಡಾಲರ್ ಸುರಿದು ಎಟಿಐ ಅನ್ನುವ ಗ್ರಾಫಿಕ್ಸ್ ಚಿಪ್ ಕಂಪನಿ ಕೊಂಡದ್ದು ಎಎಂಡಿಯದೇ ಆತುರ. ನಮ್ಮ ಭಾಷೆಯಲ್ಲಿ ಕೈಗೆ ಚಿಪ್ಪು ಬರುವುದು ಅಂದರೆ ಬೇರೆ ಅರ್ಥ. ಎಎಂಡಿಗೆ ಆ ವರ್ಷಗಳಲ್ಲಿ ಎರಡೂ ಅರ್ಥದ ಚಿಪ್ಪು ಕೈಯಲ್ಲಿತ್ತು.

ಇನ್ನು ರ‍್ಯಾಮ್. ಕಂಪ್ಯೂಟರಿನ ಮೆಮೊರಿ ಚಿಪ್ಪು. ಇದು ಸುಲಭ, ಬೇಗ ಹೇಳಿ ಮುಗಿಸುತ್ತೇನೆ. 2000, 2001ರಲ್ಲಿ ಎಸ್.ಪಿ. ರೋಡಿನಲ್ಲಿ ರ‍್ಯಾಮ್ ರೇಟು ಬೆಳಿಗ್ಗೆ ಒಂದು, ಸಂಜೆ ಒಂದು. ಟೊಮೆಟೊ ಥರ. ಇದು ಪೇಟೆಯ ಏರಿಳಿತ ಅಂತ ನಾವು ಅಂದುಕೊಂಡಿದ್ದೆವು. ಆಮೇಲೆ ನೋಡಿದರೆ ಸುಮಾರು 1999ರಿಂದ 2002ರವರೆಗೆ ದೊಡ್ಡ ಮೆಮೊರಿ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಕಟ್ಟುತ್ತಿದ್ದವಂತೆ. ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು ಸ್ಯಾಮ್‌ಸಂಗ್ 30 ಕೋಟಿ ಡಾಲರ್, ಹೈನಿಕ್ಸ್ 18.5 ಕೋಟಿ, ಇನ್ಫಿನಿಯಾನ್ 16 ಕೋಟಿ, ಎಲ್ಪಿಡಾ 8.4 ಕೋಟಿ ಕಟ್ಟಿದವು. ಕೆಲವು ಅಧಿಕಾರಿಗಳು ಜೈಲಿಗೂ ಹೋಗಿ ಬಂದರು. ಮೈಕ್ರಾನ್ ಕೂಡ ಆ ಗುಂಪಿನಲ್ಲಿತ್ತು. ಆದರೆ ತನಿಖೆಗೆ ಸಹಕರಿಸಿ ದಂಡದಿಂದ ಪಾರಾಯಿತು. ಕಳ್ಳರ ಗುಂಪು ಒಡೆಯುವುದು ಹೀಗೇ. ಮೊದಲು ಬಾಯಿ ಬಿಟ್ಟವನಿಗೆ ಮಾಫಿ. ನಮ್ಮ ಕಾನೂನಿನಲ್ಲೂ ಇಂಥದ್ದೊಂದು ಬಾಗಿಲು ಇದೆ.

ಹರಾಜಿಗೆ ಮೊದಲು ಟೀ ಅಂಗಡಿ ಹಿಂದೆ ನಾಲ್ಕು ಜನ ಸೇರಿ ಇವತ್ತು ಇಷ್ಟರ ಮೇಲೆ ಕೂಗೋದು ಬೇಡ ಅಂದುಕೊಂಡರೆ ಅದನ್ನು ವಿವರಿಸಲು ಕಾನೂನು ಪುಸ್ತಕ ಬೇಕಾಗಿಲ್ಲ. ಬಹುತೇಕ ದೇಶಗಳ ಕಾನೂನು ಇದನ್ನು ತಪ್ಪು ಅನ್ನುತ್ತದೆ, ಯಾರಿಗೂ ಅನುಮಾನ ಇಲ್ಲ. ತಲೆ ಕೆಡುವುದು ಒಬ್ಬನೇ ಮಾಡುವ ಆಟಗಳಲ್ಲಿ.

ಇಲ್ಲೇ ಪಕ್ಕದ ನರಸಾಪುರ ತಗೊಳ್ಳಿ. ಅಲ್ಲಿ ಐಫೋನ್ ಜೋಡಿಸುತ್ತಾರೆ. ಮೊದಲು ವಿಸ್ಟ್ರಾನ್ ನಡೆಸುತ್ತಿತ್ತು, 2023ರಲ್ಲಿ ಟಾಟಾ ಕೊಂಡಿತು. ನಿಮ್ಮಲ್ಲೂ ಯಾರಾದರೂ ಅಕ್ಕಂದಿರು, ಅಣ್ಣಂದಿರು ಅಲ್ಲಿ ಕೆಲಸಕ್ಕೆ ಹೋಗುತ್ತಿರಬಹುದು. ಆ ಫೋನು ಟವರಿಗೆ ಮಾತಾಡಲು ಮೋಡೆಮ್ ಚಿಪ್ ಬೇಕು. ಬಹಳ ಕಾಲ ಅದರಲ್ಲಿ ಕ್ವಾಲ್ಕಾಮ್‌ಗೆ ಸಾಟಿ ಇರಲಿಲ್ಲ. ಅವರ ಪದ್ಧತಿ ಏನು ಅಂದರೆ, ಚಿಪ್ ಬೇಕಾದರೆ ಮೊದಲು ಪೇಟೆಂಟ್ ಲೈಸೆನ್ಸ್ ತಗೊಳ್ಳಿ. ಲೈಸೆನ್ಸ್ ಇಲ್ಲ, ಚಿಪ್ ಇಲ್ಲ. ಆ ಲೈಸೆನ್ಸ್ ಹಣ ಚಿಪ್ಪಿನ ಬೆಲೆ ಮೇಲಲ್ಲ, ಇಡೀ ಫೋನಿನ ಬೆಲೆಯ ಮೇಲೆ ಇಂತಿಷ್ಟು ಶೇಕಡಾ. ಬೇರೆ ಕಂಪನಿಯ ಮೋಡೆಮ್ ಹಾಕಿಕೊಂಡರೂ ಆ ಹಣ ತಪ್ಪುವುದಿಲ್ಲ.

ಚೀನಾ 2015ರಲ್ಲಿ 97.5 ಕೋಟಿ ಡಾಲರ್ ದಂಡ ಹಾಕಿತು. ಕೊರಿಯಾ 2016ರಲ್ಲಿ ಒಂದು ಲಕ್ಷ ಕೋಟಿ ವಾನ್ ಮೀರಿ ಹಾಕಿತು. ಅಮೆರಿಕದಲ್ಲಿ 2019ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ ಲೂಸಿ ಕೋ ಕ್ವಾಲ್ಕಾಮ್‌ದು ತಪ್ಪು ಅಂದರು. ಮಾರನೇ ವರ್ಷ ಮೇಲ್ಮನವಿ ಕೋರ್ಟು ತೀರ್ಪನ್ನೇ ತಿರುಗಿಸಿತು. ಜೋರಾಗಿ ವ್ಯಾಪಾರ ಮಾಡುವುದು ಬೇರೆ, ಪೈಪೋಟಿ ಮುರಿಯುವುದು ಬೇರೆ ಅನ್ನುವ ದಾಟಿಯಲ್ಲಿ. ನನಗೆ ಈಗಲೂ ಲೂಸಿ ಕೋ ಹೇಳಿದ್ದೇ ಸರಿ ಅನಿಸುತ್ತದೆ. ಒಂದೇ ನಡವಳಿಕೆ ಒಂದು ದೇಶದಲ್ಲಿ ದಂಡಕ್ಕೆ ಗುರಿ, ಇನ್ನೊಂದರಲ್ಲಿ ಜಾಣ ವ್ಯಾಪಾರ. ಪರೀಕ್ಷೆಯಲ್ಲಿ ಇದಕ್ಕೆ ಒಂದೇ ಉತ್ತರ ಬರೆಯಲು ಹೋಗಬೇಡಿ.

ಕಂಪನಿ ಕೊಳ್ಳುವ ವಿಚಾರವನ್ನೂ ಸ್ವಲ್ಪ ನೋಡೋಣ. 2020ರಲ್ಲಿ ಎನ್‌ವಿಡಿಯಾ ಆರ್ಮ್ ಕಂಪನಿಯನ್ನು ಅದರ ಒಡೆಯರಾದ ಸಾಫ್ಟ್‌ಬ್ಯಾಂಕಿನಿಂದ 4,000 ಕೋಟಿ ಡಾಲರ್‌ಗೆ ಕೊಳ್ಳಲು ಹೊರಟಿತು. ಆರ್ಮ್‌ನ ಕೆಲಸ ಚಿಪ್ಪಿನ ನಕ್ಷೆ ಬರೆದು ಬೇರೆಯವರಿಗೆ ಕೊಡುವುದು. ನಿಮ್ಮ ಜೇಬಿನ ಫೋನು ಯಾವುದೇ ಇರಲಿ, ಒಳಗಿನ ಲೆಕ್ಕ ಆರ್ಮ್ ನಕ್ಷೆಯದೇ. ಆಪಲ್, ಕ್ವಾಲ್ಕಾಮ್, ಸ್ಯಾಮ್‌ಸಂಗ್ ಎಲ್ಲರೂ ಅಲ್ಲಿಂದಲೇ ತಗೊಳ್ಳುತ್ತಾರೆ.

ಊರಿಗೆಲ್ಲ ಒಂದೇ ರಾಗಿ ಮಿಷನ್ನು ಅಂತ ಇಟ್ಟುಕೊಳ್ಳಿ. ಬಸ್‌ಸ್ಟ್ಯಾಂಡಿನ ಮುದ್ದೆ ಹೋಟೆಲ್‌ಗಳೆಲ್ಲ ಅಲ್ಲೇ ಬೀಸಿಸುವುದು. ಒಂದು ದಿನ ಆ ಹೋಟೆಲ್‌ಗಳಲ್ಲೇ ಒಬ್ಬರು ಮಿಷನ್ ಕೊಳ್ಳುತ್ತಾರೆ. 'ಏನೂ ಯೋಚನೆ ಮಾಡಬೇಡಿ, ಎಲ್ಲರಿಗೂ ಮೊದಲಿನ ಹಾಗೇ ಬೀಸಿಕೊಡ್ತೀವಿ' ಅಂತಾರೆ. ಇರಬಹುದು. ಆದರೆ ಹಬ್ಬದ ದಿನ ಕ್ಯೂ ನಿಂತಾಗ ಮೊದಲು ಯಾರ ಮೂಟೆ ಒಳಗೆ ಹೋಗುತ್ತದೆ? ಯಾರು ಎಷ್ಟು ರಾಗಿ ತಂದರು ಅನ್ನುವ ಲೆಕ್ಕ ಯಾರ ಕೈಗೆ ಸಿಗುತ್ತದೆ? ಅಮೆರಿಕದಲ್ಲಿ ಪೈಪೋಟಿ ಕಾನೂನು ನೋಡಿಕೊಳ್ಳುವ ಎಫ್‌ಟಿಸಿ 2021ರ ಡಿಸೆಂಬರಿನಲ್ಲಿ ಇದನ್ನು ತಡೆಯಲು ದಾವೆ ಹಾಕಿತು. 2022ರ ಫೆಬ್ರುವರಿಯಲ್ಲಿ ಎನ್‌ವಿಡಿಯಾ ಕೈಬಿಟ್ಟಿತು. ಹಾನಿ ಆಗುವ ಮೊದಲೇ ಕಾನೂನು ಕೆಲಸ ಮಾಡಿದ್ದು ಅಪರೂಪಕ್ಕೆ ಇಲ್ಲೇ.

ಎನ್‌ವಿಡಿಯಾ ಈಗ ಎಐ ಚಿಪ್ಪಿನ ದೊರೆ. ಆದರೆ ಅದು ಜನರನ್ನು ಹಿಡಿದಿಟ್ಟದ್ದು ಕ್ರೆಡಿಟ್ ನೋಟಿನಿಂದಲ್ಲ. ಕೂಡಾ (CUDA) ಅನ್ನುವ ತಂತ್ರಾಂಶವನ್ನು 2007ರಿಂದ ಸುಮ್ನೆ ಕೊಡುತ್ತಾ ಬಂದಿತು. ಅದು ಓಡುವುದು ಅವರ ಚಿಪ್ ಮೇಲೆ ಮಾತ್ರ. ಜಗತ್ತಿನ ಸಂಶೋಧಕರೆಲ್ಲ ಅದರಲ್ಲೇ ಬರೆದು ಬರೆದು ರೂಢಿ ಆಯಿತು. ನಮ್ಮ ಡಿಟಿಪಿ ಸೆಂಟರಿನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಹತ್ತು ವರ್ಷ ಟೈಪ್ ಮಾಡಿಟ್ಟ ಫೈಲುಗಳು ಯೂನಿಕೋಡ್ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಬದಲಾಯಿಸಬೇಡಿ ಅಂತ ಯಾರೂ ಅಡ್ಡ ನಿಂತಿರಲಿಲ್ಲ. ಹಳೇ ಫೈಲು ಮತ್ತು ಬೆರಳಿನ ಅಭ್ಯಾಸ, ಎರಡೇ ಸಾಕಾಯಿತು. ಇದಕ್ಕೆ ಕಾನೂನು ಏನು ಮಾಡಬೇಕು? 2025ರ ಸೆಪ್ಟೆಂಬರಿನಲ್ಲಿ ಚೀನಾ ತನ್ನ ಕಾನೂನು ಮುರಿದಿದೆ ಅಂತ ಎನ್‌ವಿಡಿಯಾ ಮೇಲೆ ಬೊಟ್ಟು ಮಾಡಿತು. ಆದರೆ ಅದು ಮೆಲನಾಕ್ಸ್ ಅನ್ನುವ ಕಂಪನಿ ಕೊಂಡಾಗಿನ ಷರತ್ತಿನ ವಿಚಾರ, ಅದರಲ್ಲಿ ರಾಜಕೀಯ ಎಷ್ಟು, ಕಾನೂನು ಎಷ್ಟು ಅಂತ ಬಿಡಿಸುವುದು ಕಷ್ಟ.

ಒಬ್ಬನೇ ಇದ್ದಾನೆ ಅನ್ನುವುದೇ ಅಪರಾಧ ಅಲ್ಲ, ಇದನ್ನು ಮರೆಯಬೇಡಿ. ಅತಿ ಸಣ್ಣ ಗೆರೆಯ ಚಿಪ್ ಅಚ್ಚು ಹಾಕುವ ಇಯುವಿ ಯಂತ್ರವನ್ನು ಜಗತ್ತಿನಲ್ಲಿ ಮಾಡುವುದು ನೆದರ್ಲೆಂಡ್ಸಿನ ಎಎಸ್‌ಎಂಎಲ್ ಒಂದೇ. ಹತ್ತಾರು ವರ್ಷ ದುಡ್ಡು ಸುರಿದು ಅದನ್ನು ಮಾಡಿತು, ಬೇರೆಯವರು ನಡುವೆಯೇ ಬಿಟ್ಟರು. ಅದರ ಮೇಲೆ ಯಾವ ಕೇಸು ಹಾಕುತ್ತೀರಿ? ನಮ್ಮ 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ನೂ ಇದನ್ನೇ ಹೇಳುತ್ತದೆ. ದೊಡ್ಡವನಾಗಿರುವುದು ತಪ್ಪಲ್ಲ, ದೊಡ್ಡಸ್ತಿಕೆಯನ್ನು ದುರುಪಯೋಗ ಮಾಡುವುದು ತಪ್ಪು. ಅಂದ ಹಾಗೆ ಆ ಸೆಕ್ಷನ್ ಜಾರಿಗೆ ಬಂದದ್ದು 2009ರ ಮೇ 20ರಂದು. ಯುರೋಪು ಇಂಟೆಲ್‌ಗೆ ದಂಡ ಹಾಕಿದ ಸರಿಯಾಗಿ ಒಂದು ವಾರಕ್ಕೆ.

ನಮ್ಮ ಸ್ಪರ್ಧಾ ಆಯೋಗದ ಮುಂದೆಯೂ ಚಿಪ್ ಕೇಸು ಬಂದಿದೆ. 2016ರಲ್ಲಿ ಇಂಟೆಲ್ ಭಾರತಕ್ಕೆ ಅಂತಲೇ ಒಂದು ವಾರಂಟಿ ನಿಯಮ ತಂದಿತು. ಡಬ್ಬದಲ್ಲಿ ಬರುವ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್, ಇಲ್ಲಿನ ಅಧಿಕೃತ ಡಿಸ್ಟ್ರಿಬ್ಯೂಟರ್ ಕಡೆಯಿಂದ ಬಂದಿದ್ದರೆ ಮಾತ್ರ ಇಲ್ಲಿ ವಾರಂಟಿ. ಹೊರದೇಶದಿಂದ ಅಸಲಿ ಮಾಲನ್ನೇ ತರಿಸಿ ಕಡಿಮೆಗೆ ಮಾರುವ ವ್ಯಾಪಾರಿಗಳಿಗೆ ಹೊಡೆತ. ಅವರಲ್ಲೊಬ್ಬರು ದೂರು ಕೊಟ್ಟರು, 2019ರಲ್ಲಿ ಆಯೋಗ ತನಿಖೆಗೆ ಆದೇಶ ಮಾಡಿತು. ಎಸ್.ಪಿ. ರೋಡಿನಲ್ಲಿ 'ಬಿಲ್ ಬೇಕಾ, ಬೇಡ್ವಾ?' ಅಂತ ಕೇಳಿಸಿಕೊಂಡ ನಮ್ಮಂಥವರಿಗೆ ಈ ಕೇಸಿನ ಒಳಗುಟ್ಟು ಕೂಡಲೇ ಗೊತ್ತಾಗುತ್ತದೆ. ವಾರಂಟಿ ಕಾಗದ ನೋಡಲು ಗ್ರಾಹಕರ ರಕ್ಷಣೆಯ ಹಾಗೆ ಇರುತ್ತದೆ. ಅದೇ ಕಾಗದ ಅಂಗಡಿಗಳಿಗೆ ಬೇಲಿಯೂ ಆಗುತ್ತದೆ.

ಇಂಟೆಲ್ ಈಗ ಹೇಗಿದೆ ಅಂತ ಕೇಳುತ್ತೀರಿ. ಫೋನಿನ ಕಾಲ ಬಂದಾಗ ಬಸ್ಸು ತಪ್ಪಿಸಿಕೊಂಡಿತು. ಕಾರ್ಖಾನೆಯಲ್ಲಿ ಹಿಂದೆ ಬಿತ್ತು. 2025ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರವೇ ಸುಮಾರು ಶೇ. 10 ಪಾಲು ತಗೊಂಡು ಕೈ ಹಿಡಿಯಿತು. ಎಎಂಡಿ ಎದ್ದು ನಿಂತಿದೆ, ಆದರೆ ತನ್ನ ಮುಖ್ಯ ಚಿಪ್ಪುಗಳನ್ನು ತೈವಾನಿನ ಟಿಎಸ್‌ಎಂಸಿಯಲ್ಲಿ ಮಾಡಿಸುತ್ತದೆ. ಎನ್‌ವಿಡಿಯಾದ್ದೂ ಅಲ್ಲೇ, ಆಪಲ್‌ನದ್ದೂ ಅಲ್ಲೇ. ಮತ್ತೆ ಒಂದೇ ಮಿಷನ್ನು, ನೋಡಿ.

ನನ್ನ ಮಾತು ಇಷ್ಟೇ ಅಂತ ಕೂರುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹಿರಿಯರು ಎದ್ದರು. ಮಗಳು ಇಲ್ಲೇ ಓದುತ್ತಾಳಂತೆ, ಕರೆದುಕೊಂಡು ಹೋಗಲು ಬಂದವರು. ಎರಡು ಎಕರೆ ಟೊಮೆಟೊ ಇದೆ.

'ಸ್ವಾಮಿ, ನಮ್ಮ ಮಂಡಿಯವ್ರು ನಾಟಿ ಟೈಮ್‌ನಾಗೆ ಮುಂಗಡ ಕೊಡ್ತಾರೆ, ಬಾಕ್ಸೂ ಕೊಡ್ತಾರೆ. ಹಣ್ಣೆಲ್ಲಾ ಅವ್ರ ಮಂಡಿಗೇ ಹಾಕ್ಬೇಕು. ಇದೂ ಅದೇನಾ?'

'ಕಟ್ಟು ಅದೇ ಯಜಮಾನ್ರೇ,' ಅಂದೆ. 'ಆದರೆ ಎಪಿಎಂಸಿಯಲ್ಲಿ ಮಂಡಿಗಳು ಬಹಳ ಇವೆ. ಒಬ್ಬರ ಕೈಯಲ್ಲೇ ಮಾರುಕಟ್ಟೆ ಇಲ್ಲದಿದ್ದರೆ 4ನೇ ಸೆಕ್ಷನ್ ಹತ್ತಿರ ಬರಲ್ಲ. ಬೇಡ ಅನ್ನಿಸಿದರೆ ನೀವು ಬೇರೆ ಮಂಡಿಗೆ ಹೋಗಬಹುದು.'

'ಓಗ್ಬೋದು,' ಅಂದರು. ಸ್ವಲ್ಪ ಹೊತ್ತು ಬೋರ್ಡಿನ ಮೇಲಿದ್ದ 94, 9,400 ಅನ್ನುವ ಅಂಕಿಗಳನ್ನೇ ನೋಡಿದರು. 'ಹಿಂದಿನ ಬೆಳೇಲಿ ಇಪ್ಪತ್ತು ಬಾಕ್ಸು ಪಕ್ಕದ ಮಂಡಿಗೆ ಹಾಕ್ದೆ. ಬಾಕ್ಸಿಗೆ ಮೂವತ್ತು ರೂಪಾಯಿ ಜಾಸ್ತಿ ಸಿಕ್ತು.'

'ಆಮೇಲೆ?'

'ಆಮೇಲೇನು, ಈ ಸಲ ನಾಟಿಗೆ ಮುಂಗಡ ಕೇಳಕ್ಕೆ ಓದ್ರೆ, ಕಂಪ್ಯೂಟ್ರು ಕೆಟ್ಟೈತೆ, ನಾಳೆ ಬಾ ಅಂದ್ರು.'